ಅಂತರ್ಜಾಲ ಶೋಧದಲ್ಲಿ ಸಣ್ಣ ಉದ್ದಿಮೆ: ಜಾಲತಾಣದ ರಚನೆ, ಒಡೆತನ ಮತ್ತು ಲೆಕ್ಕ

ವ್ಯಾಪಾರಕ್ಕೆ ಜಾಗವೇ ಅರ್ಧ ಬಂಡವಾಳವೆಂಬುದು ಹಿರಿಯ ವರ್ತಕರ ನಂಬಿಕೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ ಮೂಲೆಯ ಒಂದು ಮಳಿಗೆಗೆ ದೊಡ್ಡ ಪಗಡಿ ಕೊಡಲು ವರ್ತಕರು ಹಿಂಜರಿಯದಿದ್ದುದು ಇದೇ ಕಾರಣಕ್ಕೆ. ಇಂದು ಕೊಳ್ಳುವವರು ಪೇಟೆಗೆ ಕಾಲಿಡುವ ಮೊದಲೇ ಕೈಯಲ್ಲಿರುವ ಫೋನಿನಲ್ಲಿ ಒಂದು ಸುತ್ತು ಹುಡುಕಿರುತ್ತಾರೆ. ಪಂಪು ತಯಾರಿಸುವ ಹೊರರಾಜ್ಯದ ಕಾರ್ಖಾನೆಯವರು ಬೆಳಗಾವಿಯಲ್ಲಿ ಎರಕದ ಭಾಗಗಳನ್ನು ಮಾಡಿಕೊಡುವವರು ಯಾರೆಂದು ಹುಡುಕುತ್ತಾರೆ. ಹೊರದೇಶದ ಆಮದುದಾರರು ಮೈಸೂರಿನ ಊದುಬತ್ತಿ ತಯಾರಕರ ವಿಳಾಸ ಹುಡುಕುತ್ತಾರೆ. ಆ ಶೋಧದ ಫಲಿತಾಂಶದಲ್ಲಿ ಹೆಸರು ಕಾಣದಿದ್ದರೆ ಸರಕು ಎಷ್ಟೇ ಉತ್ತಮವಾಗಿದ್ದರೂ ವಿಚಾರಣಾ ಪತ್ರ ಬಾಗಿಲಿಗೆ ಬರುವುದಿಲ್ಲ.

ಈ ಆತಂಕವೇ ಒಂದು ಹೊಸ ವ್ಯಾಪಾರಕ್ಕೆ ದಾರಿಯಾಗಿದೆ. "ತಿಂಗಳಿಗೆ ಇಷ್ಟು ಕೊಡಿ, ಗೂಗಲ್‌ನ ಮೊದಲ ಪುಟದಲ್ಲಿ ಮೊದಲ ಸ್ಥಾನ ಖಾತರಿ" ಎಂಬ ಮಿಂಚಂಚೆಗಳೂ ದೂರವಾಣಿ ಕರೆಗಳೂ ಉದ್ದಿಮೆದಾರರನ್ನು ದಿನನಿತ್ಯ ಎಡತಾಕುತ್ತಿವೆ. ಇದರಲ್ಲಿ ಪ್ರಾಮಾಣಿಕ ಸೇವೆ ಯಾವುದು, ಗಾಳಿಮಾತು ಯಾವುದು ಎಂದು ಬೇರ್ಪಡಿಸುವುದು ಸಣ್ಣ ಉದ್ದಿಮೆದಾರರಿಗೆ ಸುಲಭವಲ್ಲ. ಶೋಧದಲ್ಲಿ ದೊರೆಯುವ ಸ್ಥಾನ ಯಾರೂ ಮಾರಬಲ್ಲ ಸರಕಲ್ಲ. ಅದು ಒಂದು ಪರಿಣಾಮ. ಉದ್ದಿಮೆದಾರರ ಕೈಯಲ್ಲಿರುವುದು ಮೂರು ಸಂಗತಿಗಳು ಮಾತ್ರ: ತಾಣದ ಹೆಸರು, ಅದರಲ್ಲಿರುವ ಮಾಹಿತಿ ಮತ್ತು ಆ ಮಾಹಿತಿಯ ಸತ್ಯ. ಹಣ ವಿನಿಯೋಗವಾಗಬೇಕಾದದ್ದು ಇವುಗಳ ಮೇಲೆ.

ಶೋಧ ಯಂತ್ರ ಕೆಲಸ ಮಾಡುವ ಬಗೆ

ಸರ್ಚ್ ಎಂಜಿನ್ ಎಂದು ಕರೆಯಲಾಗುವ ಶೋಧ ಯಂತ್ರದ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದಾಗಿ, ಅದರ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳ ಮೂಲಕ ಸಾಗುತ್ತಾ ಜಾಲತಾಣಗಳನ್ನು ಓದುತ್ತದೆ. ಎರಡನೆಯದಾಗಿ, ಓದಿದ್ದನ್ನು ಒಂದು ಬೃಹತ್ ಸೂಚಿಯಲ್ಲಿ ದಾಖಲಿಸುತ್ತದೆ. ಮೂರನೆಯದಾಗಿ, ಯಾರಾದರೂ ಪ್ರಶ್ನೆ ಕೇಳಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ಆರಿಸಿ ಅನುಕ್ರಮವಾಗಿ ಜೋಡಿಸಿ ಕೊಡುತ್ತದೆ. ಕಿರ್ದಿಯಿಂದ ಖಾತೆಗೆ, ಖಾತೆಯಿಂದ ತಃಖ್ತೆಗೆ ಲೆಕ್ಕ ಸಾಗುವಂತೆ ಇದೂ ಸಾಗುತ್ತದೆ. ಕಿರ್ದಿಯಲ್ಲಿ ಬರೆಯದ ವ್ಯವಹಾರ ತಃಖ್ತೆಯಲ್ಲಿ ಕಾಣಲಾರದು. ಯಂತ್ರ ಓದಲಾಗದ ಪುಟ ಫಲಿತಾಂಶದಲ್ಲಿ ಬರಲಾರದು.

ಅನುಕ್ರಮ ನಿರ್ಧಾರವಾಗುವ ಬಗೆಯಲ್ಲಿ ದೊಡ್ಡ ಬದಲಾವಣೆ ತಂದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್. 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದ ಇವರು ಪೇಜ್‌ರ‍್ಯಾಂಕ್ ಎಂಬ ವಿಧಾನವನ್ನು ರೂಪಿಸಿದರು. ಒಂದು ಪುಟದಲ್ಲಿ ಯಾವ ಪದಗಳಿವೆ ಎಂಬುದರ ಜೊತೆಗೆ, ಬೇರೆ ಯಾವ ಪುಟಗಳು ಅದಕ್ಕೆ ಕೊಂಡಿ ಕೊಟ್ಟಿವೆ, ಆ ಪುಟಗಳ ಯೋಗ್ಯತೆ ಏನು ಎಂಬುದನ್ನೂ ಪರಿಗಣಿಸುವುದು ಇದರ ತಿರುಳು. ಹೊಸಬರಿಗೆ ಉದ್ದರಿ ಕೊಡುವ ಮೊದಲು ಪೇಟೆಯಲ್ಲಿ ನಾಲ್ಕು ಜನರನ್ನು ವಿಚಾರಿಸುವ ಪದ್ಧತಿ ವರ್ತಕರಿಗೆ ಹೊಸತಲ್ಲ. ಅಲ್ಲಿಯೂ ಎಲ್ಲರ ಮಾತಿಗೂ ಒಂದೇ ತೂಕವಿರುವುದಿಲ್ಲ. ಇಂದು ನೂರಾರು ಬಗೆಯ ಸಂಕೇತಗಳನ್ನು ಯಂತ್ರ ಪರಿಗಣಿಸುತ್ತಿದ್ದರೂ, ವಿಶ್ವಾಸಾರ್ಹರ ಶಿಫಾರಸಿಗೆ ಬೆಲೆ ಎಂಬ ಮೂಲತತ್ತ್ವ ಉಳಿದಿದೆ.

ಫಲಿತಾಂಶ ಪುಟದಲ್ಲಿ 'ಪ್ರಾಯೋಜಿತ' ಎಂಬ ಗುರುತಿನೊಂದಿಗೆ ಕಾಣುವ ಜಾಹೀರಾತುಗಳಿಗೂ ಸಹಜ ಫಲಿತಾಂಶಗಳಿಗೂ ಇರುವ ವ್ಯತ್ಯಾಸವನ್ನು ತಿಳಿದಿರಬೇಕು. ಜಾಹೀರಾತಿಗೆ ಹಣ ಕೊಟ್ಟ ಮಾತ್ರಕ್ಕೆ ಸಹಜ ಫಲಿತಾಂಶದಲ್ಲಿ ಸ್ಥಾನ ಏರುವುದಿಲ್ಲವೆಂದೂ, ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದೂ ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಿರುವಾಗ ಖಾತರಿ ಕೊಡುವವರು ಏನನ್ನು ಮಾರುತ್ತಿದ್ದಾರೆಂದು ವಿಚಾರಿಸಬೇಕಾಗುತ್ತದೆ. ಬೇರೆ ಯಾರೂ ಹುಡುಕದ ಪದಗುಚ್ಛಕ್ಕೆ ಮೊದಲ ಸ್ಥಾನ ತೋರಿಸುವುದು, ಅಥವಾ ಜಾಹೀರಾತಿನ ಸ್ಥಾನವನ್ನೇ ಸಹಜ ಸ್ಥಾನವೆಂದು ತೋರಿಸುವುದು ಇಂತಹ ಖಾತರಿಗಳ ಸಾಮಾನ್ಯ ಉಪಾಯ.

ಪುಟದಲ್ಲಿ ಏನಿರಬೇಕು?

"ಗುಣಮಟ್ಟವೇ ನಮ್ಮ ಧ್ಯೇಯ", "ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ" ಎಂಬ ವಾಕ್ಯಗಳು ಸಣ್ಣ ಉದ್ದಿಮೆಗಳ ಜಾಲತಾಣಗಳಲ್ಲಿ ತುಂಬಿರುತ್ತವೆ. ಇವನ್ನು ಹುಡುಕುವ ಖರೀದಿದಾರರಿಲ್ಲ. ಎರಕದ ಭಾಗ ಬೇಕಾದವರು ಲೋಹದ ದರ್ಜೆ, ತುಂಡಿನ ಕನಿಷ್ಠ ಮತ್ತು ಗರಿಷ್ಠ ತೂಕ, ತಿಂಗಳ ಉತ್ಪಾದನಾ ಸಾಮರ್ಥ್ಯ, ಯಂತ್ರಗೆಲಸದ ಸೌಲಭ್ಯ, ಪರೀಕ್ಷಾ ವರದಿ ಇವುಗಳನ್ನು ಕೇಳುತ್ತಾರೆ. ಐಎಸ್ 210 ಮಾನಕದ ಎಫ್‌ಜಿ 260 ದರ್ಜೆಯ ಎರಕ ಬೇಕಾದವರು ಆ ಅಕ್ಷರಗಳನ್ನೇ ಬೆರಳಚ್ಚಿಸಿ ಹುಡುಕುತ್ತಾರೆ. ಆ ಅಕ್ಷರಗಳು ತಾಣದಲ್ಲಿ ಎಲ್ಲಿಯೂ ಇಲ್ಲದಿದ್ದರೆ, ಕಾರ್ಖಾನೆಯಲ್ಲಿ ಅದೇ ಎರಕ ನಿತ್ಯ ತಯಾರಾಗುತ್ತಿದ್ದರೂ ಯಂತ್ರಕ್ಕೆ ಅದು ತಿಳಿಯುವ ದಾರಿಯಿಲ್ಲ.

ಆದ್ದರಿಂದ ಪ್ರತಿಯೊಂದು ಮುಖ್ಯ ಉತ್ಪನ್ನಕ್ಕೂ ಪ್ರತ್ಯೇಕ ಪುಟವಿರಬೇಕು. ಆ ಪುಟದ ಶೀರ್ಷಿಕೆಯಲ್ಲಿ ಉತ್ಪನ್ನದ ಹೆಸರು, ಊರು, ಸಂಸ್ಥೆಯ ಹೆಸರು ಇರಬೇಕು. ಫಲಿತಾಂಶದಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಈ ಶೀರ್ಷಿಕೆಯೇ. ಎಲ್ಲ ಪುಟಗಳಿಗೂ 'ಮುಖಪುಟ' ಎಂಬ ಒಂದೇ ಶೀರ್ಷಿಕೆ ಇರುವ ತಾಣವು ಎಲ್ಲ ಬಾಬ್ತುಗಳನ್ನೂ 'ಇತರೆ ಖರ್ಚು' ಎಂದು ಬರೆದ ಲೆಕ್ಕದಂತೆ. ಅಳತೆ, ಪ್ಯಾಕಿಂಗ್, ಕನಿಷ್ಠ ಆರ್ಡರ್ ಪ್ರಮಾಣ, ಸರಬರಾಜು ಅವಧಿ, ಎಚ್‌ಎಸ್‌ಎನ್ ಸಂಕೇತ ಇವೆಲ್ಲ ಪಠ್ಯವಾಗಿಯೇ ಇರಲಿ. ಊದುಬತ್ತಿ ತಯಾರಕರ ಪುಟದಲ್ಲಿ ಬತ್ತಿಯ ಉದ್ದ, ಉರಿಯುವ ಅವಧಿ, ಪೊಟ್ಟಣದ ತೂಕ, 3307 ಎಂಬ ಶೀರ್ಷಿಕೆಯಡಿಯ ಸಂಕೇತ ಇದ್ದರೆ ರಫ್ತು ವಿಚಾರಣೆಗೆ ಅದೇ ಅರ್ಧ ಉತ್ತರ.

ತಾಣದಲ್ಲಿ ಅಡಗಿಸಿಡುವ 'ಕೀವರ್ಡ್ ಮೆಟಾ ಟ್ಯಾಗ್' ಎಂಬ ಪದಪಟ್ಟಿಗೆ ಇಂದಿಗೂ ಹಣ ಕೇಳುವವರಿದ್ದಾರೆ. ಅನುಕ್ರಮ ನಿರ್ಧರಿಸಲು ಈ ಪಟ್ಟಿಯನ್ನು ಬಳಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲಿಯೇ ಪ್ರಕಟಿಸಿದೆ. ಸೇವೆಯ ದರಪಟ್ಟಿಯಲ್ಲಿ ಈ ಬಾಬ್ತು ಕಂಡರೆ ಅದನ್ನು ಹೊಡೆದುಹಾಕಬಹುದು.

ಊರಿನ ಹೆಸರು ಮತ್ತು ಕನ್ನಡದ ಅಕ್ಷರ

ಕರ್ನಾಟಕದ ಉದ್ದಿಮೆಗಳಿಗೆ ವಿಶೇಷವಾಗಿ ಅನ್ವಯಿಸುವ ಎರಡು ಸಂಗತಿಗಳಿವೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು, ಹುಬ್ಳಿ ಹುಬ್ಬಳ್ಳಿಯಾಯಿತು. ಆದರೆ ಹಳೆಯ ಪತ್ರವ್ಯವಹಾರವನ್ನೇ ಮುಂದಿಟ್ಟುಕೊಂಡ ಹೊರಗಿನ ಖರೀದಿದಾರರು ಹಳೆಯ ರೂಪದಲ್ಲಿಯೂ ಹುಡುಕಬಹುದು. ವಿಳಾಸದಲ್ಲಿ ಹೊಸ ಹೆಸರು, ಸಂಸ್ಥೆಯ ಪರಿಚಯದಲ್ಲಿ ಒಮ್ಮೆ ಹಳೆಯ ಹೆಸರು ಬರುವಂತೆ ಬರೆದರೆ ಎರಡೂ ಬಗೆಯ ಶೋಧಕ್ಕೆ ಪುಟ ಹೊಂದುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆಗಳಂತಹ ಭೌಗೋಳಿಕ ಗುರುತು ಪಡೆದ ಸರಕುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಗ್ಲಿಷಿನಲ್ಲಿ ಇವುಗಳ ಕಾಗುಣಿತ ಒಬ್ಬೊಬ್ಬರದು ಒಂದೊಂದು ರೀತಿ.

ಎರಡನೆಯದು ಕನ್ನಡ ಅಕ್ಷರಗಳ ವಿಚಾರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಯಂತ್ರದೊಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಅರ್ಥವಿಲ್ಲದ ಸಾಲು. ಶೋಧ ಯಂತ್ರ ಓದುವುದು ಆ ಸಾಲನ್ನೇ. ಕನ್ನಡದಲ್ಲಿ ಹುಡುಕುವ ರೈತರಿಗಾಗಲಿ, ಚಿಲ್ಲರೆ ವರ್ತಕರಿಗಾಗಲಿ ಅಂತಹ ಪುಟ ಸಿಗುವುದಿಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಬರೆದ ಪಠ್ಯ ಮಾತ್ರ ಕನ್ನಡವಾಗಿಯೇ ದಾಖಲಾಗುತ್ತದೆ. ಹಳೆಯ ಕರಪತ್ರ, ದರಪಟ್ಟಿಗಳನ್ನು ಚಿತ್ರರೂಪದಲ್ಲಿ ತಾಣಕ್ಕೆ ಏರಿಸುವ ರೂಢಿಯೂ ಇಂತಹುದೇ. ಕೃಷಿ ಉಪಕರಣ, ಬಿತ್ತನೆ ಬೀಜ, ಪಶು ಆಹಾರ, ಗೃಹೋಪಯೋಗಿ ವಸ್ತುಗಳ ವ್ಯಾಪಾರಿಗಳು ಒಂದೆರಡು ಪುಟಗಳನ್ನಾದರೂ ಯೂನಿಕೋಡ್ ಕನ್ನಡದಲ್ಲಿ ಇಡುವುದು ಲಾಭದಾಯಕ. ಅಲ್ಲಿ ಪೈಪೋಟಿ ಇಂಗ್ಲಿಷಿಗಿಂತ ಕಡಿಮೆ.

ತಾಂತ್ರಿಕ ತಪಾಸಣೆ

ತಂತ್ರಜ್ಞಾನದ ಆಳಕ್ಕಿಳಿಯದೆಯೂ ಮಾಲೀಕರು ನೋಡಿಕೊಳ್ಳಬಹುದಾದ ಅಂಶಗಳು ಕೆಲವಿವೆ. ತಾಣದ ವಿಳಾಸ 'ಎಚ್‌ಟಿಟಿಪಿಎಸ್' ಎಂದು ಆರಂಭವಾಗಬೇಕು. 2014ರಿಂದ ಗೂಗಲ್ ಈ ಭದ್ರತೆಯನ್ನು ಸಣ್ಣ ಪ್ರಮಾಣದಲ್ಲಾದರೂ ಪರಿಗಣಿಸುತ್ತಿದೆ. ತಾಣವು ಮೊಬೈಲ್ ಫೋನಿನಲ್ಲಿ ಸರಿಯಾಗಿ ಕಾಣಬೇಕು. 2015ರ ಏಪ್ರಿಲ್‌ನಿಂದ ಮೊಬೈಲ್ ಶೋಧದಲ್ಲಿ ಮೊಬೈಲ್‌ಗೆ ಒಗ್ಗುವ ಪುಟಗಳಿಗೆ ಆದ್ಯತೆ ದೊರೆತಿದೆ. ಆ ಬಳಿಕ ಯಂತ್ರವು ತಾಣದ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದುತ್ತಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ತೆರೆದುಕೊಳ್ಳಬೇಕೆಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಕ್ಯಾಮೆರಾದಿಂದ ತೆಗೆದ ಭಾರೀ ಗಾತ್ರದ ಚಿತ್ರಗಳನ್ನು ಕುಗ್ಗಿಸದೆ ಹಾಕುವುದೇ ಪುಟ ನಿಧಾನವಾಗಲು ಸಾಮಾನ್ಯ ಕಾರಣ.

ಇವಕ್ಕಿಂತ ದುಬಾರಿಯಾಗುವ ಲೋಪಗಳು ಎರಡು. ತಾಣ ಸಿದ್ಧವಾಗುತ್ತಿರುವಾಗ ಅದು ಶೋಧದಲ್ಲಿ ಬಾರದಂತೆ ತಡೆಯುವ 'ನೋಇಂಡೆಕ್ಸ್' ಎಂಬ ಸೂಚನೆಯನ್ನು ವಿನ್ಯಾಸಕರು ಹಾಕಿರುತ್ತಾರೆ. ತಾಣ ಉದ್ಘಾಟನೆಯಾದ ಮೇಲೂ ಅದನ್ನು ತೆಗೆಯಲು ಮರೆತರೆ, ಅಂಗಡಿ ತೆರೆದು ಬಾಗಿಲಿಗೆ ಬೀಗ ಹಾಕಿದಂತಾಗುತ್ತದೆ. ಇನ್ನೊಂದು, ತಾಣವನ್ನು ನವೀಕರಿಸುವಾಗ ಪುಟಗಳ ವಿಳಾಸ ಬದಲಾಯಿಸಿ, ಹಳೆಯ ವಿಳಾಸದಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ ಕೊಡದಿರುವುದು. ಹಾಗಾದಾಗ ವರ್ಷಗಳಿಂದ ಗಳಿಸಿದ ಸ್ಥಾನ ಕೆಲವೇ ದಿನಗಳಲ್ಲಿ ಕಳೆದುಹೋಗಬಹುದು. ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸೇವೆಯಲ್ಲಿ ಎಷ್ಟು ಪುಟಗಳು ಸೂಚಿಗೆ ಸೇರಿವೆ, ಯಾವ ಪದಗಳಿಗೆ ತಾಣ ಕಾಣಿಸಿಕೊಂಡಿದೆ, ಎಷ್ಟು ಜನ ಒತ್ತಿದ್ದಾರೆ ಎಂಬುದೆಲ್ಲ ಸಿಗುತ್ತದೆ. ಬ್ಯಾಂಕ್ ಪಾಸ್‌ಬುಕ್ ನೋಡುವಂತೆ ತಿಂಗಳಿಗೊಮ್ಮೆ ಇದನ್ನು ನೋಡುವ ಅಭ್ಯಾಸ ಒಳಿತು.

ಸ್ಥಳೀಯ ಗ್ರಾಹಕರನ್ನು ಅವಲಂಬಿಸಿದ ವ್ಯಾಪಾರಕ್ಕೆ ನಕ್ಷೆಯಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲ್ ತಾಣದಷ್ಟೇ ಮುಖ್ಯ. ಹುಡುಕಿದ್ದಕ್ಕೆ ಹೊಂದಿಕೆ, ಇರುವ ದೂರ ಮತ್ತು ಸಂಸ್ಥೆಯ ಹೆಸರುವಾಸಿ ಎಂಬ ಮೂರರ ಮೇಲೆ ಇಲ್ಲಿ ಸ್ಥಾನ ನಿರ್ಧಾರವಾಗುತ್ತದೆ. ನೋಂದಣಿ ಉಚಿತ. ಜಿಎಸ್‌ಟಿ ನೋಂದಣಿಯಲ್ಲಿರುವ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳೇ ಇಲ್ಲಿಯೂ ತಾಣದಲ್ಲಿಯೂ ವ್ಯತ್ಯಾಸವಿಲ್ಲದೆ ಇರಬೇಕು. ಗ್ರಾಹಕರ ಅಭಿಪ್ರಾಯಗಳನ್ನು ಹಣ ಕೊಟ್ಟು ಬರೆಸುವುದು ಅಪಾಯಕರ. ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಮಾನಕವನ್ನು ಹೊರತಂದಿದೆ; ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಂಡವೂ ಇದೆ.

ಅಡ್ಡದಾರಿಯ ಬೆಲೆ

ಬೇಗ ಮೇಲೇರಲು ಬಳಸುವ ಅಡ್ಡದಾರಿಗಳು ಹಲವು. ಹಿನ್ನೆಲೆಯ ಬಣ್ಣದಲ್ಲಿಯೇ ಅಕ್ಷರ ಬರೆದು ಪದಗಳನ್ನು ಅಡಗಿಸುವುದು, ಯಂತ್ರಕ್ಕೊಂದು ಪುಟ ಗ್ರಾಹಕರಿಗೊಂದು ಪುಟ ತೋರಿಸುವುದು, ಸಂಬಂಧವಿಲ್ಲದ ಸಾವಿರಾರು ತಾಣಗಳಿಂದ ಕೊಂಡಿಗಳನ್ನು ಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ಇವು ಸಿಕ್ಕಿಬಿದ್ದಾಗ ದೊಡ್ಡ ಸಂಸ್ಥೆಗಳಿಗೂ ವಿನಾಯಿತಿ ದೊರೆತಿಲ್ಲ. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯ ಜರ್ಮನ್ ತಾಣವನ್ನು ಇಂತಹ ಮರೆಪುಟಗಳ ಕಾರಣಕ್ಕೆ ಗೂಗಲ್ 2006ರ ಫೆಬ್ರವರಿಯಲ್ಲಿ ಸೂಚಿಯಿಂದಲೇ ತೆಗೆದುಹಾಕಿತ್ತು. ಪುಟಗಳನ್ನು ತೆಗೆದ ಮೇಲೆ ಮತ್ತೆ ಸೇರಿಸಿಕೊಂಡಿತು. ಅಮೆರಿಕದ ಜೆ.ಸಿ. ಪೆನ್ನಿ ಎಂಬ ಮಳಿಗೆ ಸರಣಿಯ ಪರವಾಗಿ ಅನೇಕ ಸಂಬಂಧವಿಲ್ಲದ ತಾಣಗಳಲ್ಲಿ ಹಣ ಕೊಟ್ಟು ಕೊಂಡಿಗಳನ್ನು ಹಾಕಿಸಿದ್ದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲು ಮಾಡಿತು. ತನಗೆ ಇದು ತಿಳಿದಿರಲಿಲ್ಲವೆಂದು ಹೇಳಿದ ಸಂಸ್ಥೆ, ಆ ಕೆಲಸ ವಹಿಸಿಕೊಂಡಿದ್ದ ಸಲಹೆಗಾರರನ್ನು ಕೈಬಿಟ್ಟಿತು. ಆದರೂ ಶೋಧದಲ್ಲಿ ಕೆಳಗಿಳಿದದ್ದು ಸಂಸ್ಥೆಯ ತಾಣವೇ.

ಏಜೆಂಟರು ಮಾಡಿದ ಕೆಲಸಕ್ಕೆ ಯಜಮಾನರೇ ಹೊಣೆ ಎಂಬ ವಾಣಿಜ್ಯ ಕಾನೂನಿನ ಹಳೆಯ ಪಾಠ ಇಲ್ಲಿಯೂ ನಿಲ್ಲುತ್ತದೆ. 2011ರ 'ಪಾಂಡಾ' ಮತ್ತು 2012ರ 'ಪೆಂಗ್ವಿನ್' ಎಂಬ ಬದಲಾವಣೆಗಳು ಟೊಳ್ಳು ಪುಟಗಳನ್ನೂ ಕೃತಕ ಕೊಂಡಿಗಳನ್ನೂ ಗುರಿಯಾಗಿಸಿಕೊಂಡವು. 2024ರ ಮಾರ್ಚ್‌ನಲ್ಲಿ ಪ್ರಕಟವಾದ ನಿಯಮಗಳು, ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿರಾಶಿಯಾಗಿ ತಯಾರಿಸುವುದನ್ನು, ಅವನ್ನು ಮನುಷ್ಯರು ಬರೆದಿರಲಿ ಯಂತ್ರ ಬರೆದಿರಲಿ, ದುರ್ಬಳಕೆಯೆಂದು ಪರಿಗಣಿಸಿವೆ. ದೊಡ್ಡ ಸಂಸ್ಥೆ ಒಂದು ಹಿನ್ನಡೆಯನ್ನು ತಾಳಿಕೊಂಡೀತು. ವಿಚಾರಣೆಗಳಿಗೆ ಒಂದೇ ತಾಣವನ್ನು ನಂಬಿದ ಸಣ್ಣ ಕಾರ್ಖಾನೆಗೆ ನಾಲ್ಕಾರು ತಿಂಗಳು ಮರೆಯಾಗುವುದೆಂದರೆ ಕೂಲಿ ಬಟವಾಡೆಯ ಪ್ರಶ್ನೆಯಾಗುತ್ತದೆ.

ತಾಣದ ಹೆಸರು ಯಾರ ಹೆಸರಿನಲ್ಲಿದೆ?

ಶೋಧದಲ್ಲಿ ಗಳಿಸಿದ ಸ್ಥಾನ ತಾಣದ ಹೆಸರಿಗೆ, ಎಂದರೆ ಡೊಮೈನ್‌ಗೆ, ಅಂಟಿಕೊಂಡಿರುತ್ತದೆ. ಆ ಹೆಸರೇ ಕೈತಪ್ಪಿದರೆ ಉಳಿದ ಶ್ರಮವೆಲ್ಲ ಪರರ ಪಾಲು. ತಾಣ ಮಾಡಿಕೊಡುವವರು ತಮ್ಮ ಅನುಕೂಲಕ್ಕಾಗಿ ಡೊಮೈನನ್ನು ತಮ್ಮದೇ ಹೆಸರು ಮತ್ತು ಮಿಂಚಂಚೆಯಲ್ಲಿ ನೋಂದಾಯಿಸಿಬಿಟ್ಟಾಗ, ಮುಂದೆ ಹಣದ ವಿವಾದ ಬಂದ ದಿನ ಉದ್ದಿಮೆದಾರರ ಬಳಿ ಒಡೆತನದ ದಾಖಲೆಯೇ ಇರುವುದಿಲ್ಲ. ಬಾಡಿಗೆ ಕರಾರಿಲ್ಲದೆ ಇನ್ನೊಬ್ಬರ ಕಟ್ಟಡದಲ್ಲಿ ಅಂಗಡಿ ಇಟ್ಟಂತೆಯೇ ಇದು.

ಡೊಮೈನ್ ಹೆಸರಿಗೆ ವ್ಯಾಪಾರ ಮುದ್ರೆಯಷ್ಟೇ ರಕ್ಷಣೆಯಿದೆಯೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಈ ವ್ಯಾಜ್ಯ ಆರಂಭವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. 'ಸಿಫಿ' ಎಂಬ ತನ್ನ ಹೆಸರನ್ನು ಹೋಲುವ ಡೊಮೈನನ್ನು ಬೇರೊಂದು ಸಂಸ್ಥೆ ಬಳಸುತ್ತಿದೆಯೆಂಬುದು ದೂರು. ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟ್ ಅದನ್ನು ತೆರವುಗೊಳಿಸಿತು. ಸರ್ವೋಚ್ಚ ನ್ಯಾಯಾಲಯ ಮತ್ತೆ ಊರ್ಜಿತಗೊಳಿಸಿತು. ಡಾಟ್ ಇನ್ ಹೆಸರುಗಳ ವಿವಾದಗಳಿಗೆ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಸಂಸ್ಥೆಯಾದ ನಿಕ್ಸಿಯ ಪ್ರತ್ಯೇಕ ಮಧ್ಯಸ್ಥಿಕೆ ವ್ಯವಸ್ಥೆಯೂ ಇದೆ. ಆದರೆ ವ್ಯಾಜ್ಯ ಗೆಲ್ಲುವುದಕ್ಕಿಂತ ವ್ಯಾಜ್ಯವೇ ಬಾರದಂತೆ ನೋಡಿಕೊಳ್ಳುವುದು ಅಗ್ಗ.

ನವೀಕರಣದ ದಿನಾಂಕವನ್ನೂ ವಿಮೆಯ ದಿನಾಂಕದಂತೆ ಗುರುತು ಹಾಕಿಕೊಳ್ಳಬೇಕು. ಡಾಟ್ ಕಾಮ್ ಹೆಸರಿಗೆ ಅವಧಿ ಮುಗಿದ ನಂತರ ನೋಂದಣಿ ಸಂಸ್ಥೆ ಹೆಚ್ಚೆಂದರೆ 45 ದಿನಗಳ ರಿಯಾಯಿತಿ ಕೊಡಬಹುದು. ಹೆಸರನ್ನು ಅಳಿಸಿದ ಮೇಲೆ ಹೆಚ್ಚುವರಿ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳಿವೆ. ಅದೂ ಕಳೆದರೆ 5 ದಿನಗಳಲ್ಲಿ ಹೆಸರು ಯಾರಿಗೆ ಬೇಕಾದರೂ ಲಭ್ಯ. ಒಮ್ಮೆಗೆ 10 ವರ್ಷಗಳವರೆಗೆ ನೋಂದಾಯಿಸಿಕೊಳ್ಳುವ ಅವಕಾಶವಿರುವಾಗ ಈ ಗಂಡಾಂತರಕ್ಕೆ ಎಡೆಗೊಡಬೇಕಾಗಿಲ್ಲ.

ಸ್ಪರ್ಧಿಗಳು ಇವರ ವ್ಯಾಪಾರ ಮುದ್ರೆಯನ್ನೇ ಪದವಾಗಿ ಬಳಸಿ ಜಾಹೀರಾತು ಕೊಡುವ ಸಮಸ್ಯೆಯೂ ಉಂಟು. ಇಂತಹ ಬಳಕೆ ವ್ಯಾಪಾರ ಮುದ್ರೆ ಕಾಯ್ದೆಯಡಿ 'ಬಳಕೆ'ಯೇ ಆಗುತ್ತದೆ, ಆದರೆ ಗೊಂದಲ ಉಂಟಾಗದಿದ್ದಲ್ಲಿ ಅಷ್ಟರಿಂದಲೇ ಉಲ್ಲಂಘನೆಯಾಗದು ಎಂದು ದೆಹಲಿ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ಮುದ್ರೆಯನ್ನು ನೋಂದಾಯಿಸಿಕೊಂಡವರಿಗೆ ಇಂತಹ ಸಂದರ್ಭದಲ್ಲಿ ನಿಲ್ಲಲು ನೆಲವಿರುತ್ತದೆ.

ಖರ್ಚಿನ ಲೆಕ್ಕ

ಜಾಹೀರಾತು ಮತ್ತು ತಾಣದ ಸುಧಾರಣೆ ಇವೆರಡರಲ್ಲಿ ಯಾವುದಕ್ಕೆ ಹಣ ಹಾಕಬೇಕೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ತಿಂಗಳಿಗೆ ರೂ. 30,000 ಜಾಹೀರಾತಿಗೆ ಕೊಟ್ಟು 60 ವಿಚಾರಣೆಗಳು ಬಂದು, ಅವುಗಳಲ್ಲಿ 3 ಆರ್ಡರ್‌ಗಳಾದರೆ ಒಂದು ಆರ್ಡರ್‌ಗೆ ತಗಲಿದ್ದು ರೂ. 10,000. ಒಂದು ಆರ್ಡರ್‌ನಿಂದ ನೇರ ವೆಚ್ಚ ಕಳೆದು ಉಳಿಯುವುದು ರೂ. 8,000 ಆದರೆ ರೂ. 2,000 ನಷ್ಟ. ಅದೇ ಗ್ರಾಹಕರು ವರ್ಷಕ್ಕೆ 4 ಬಾರಿ ಕೊಳ್ಳುವವರಾದರೆ ಉಳಿಕೆ ರೂ. 32,000; ಆಗ ಖರ್ಚು ಸಾರ್ಥಕ. ಇನ್ನೊಂದೆಡೆ ತಾಣದ ಪುನಾರಚನೆಗೆ ಒಮ್ಮೆ ರೂ. 1,20,000, ನಿರ್ವಹಣೆಗೆ ವರ್ಷಕ್ಕೆ ರೂ. 36,000 ಎಂದಿಟ್ಟುಕೊಳ್ಳೋಣ. ಮೊದಲ ವರ್ಷ 12 ಆರ್ಡರ್‌ಗಳು ಬಂದರೆ ಪ್ರತಿ ಆರ್ಡರ್‌ಗೆ ರೂ. 13,000. ಎರಡನೆಯ ವರ್ಷ 18 ಬಂದರೆ ಪ್ರತಿ ಆರ್ಡರ್‌ಗೆ ರೂ. 2,000 ಮಾತ್ರ. ಜಾಹೀರಾತಿನ ಫಲ ಹಣ ನಿಂತ ದಿನ ನಿಲ್ಲುತ್ತದೆ. ಒಳ್ಳೆಯ ಪುಟ ಆಮೇಲೂ ದುಡಿಯುತ್ತದೆ. ಆದರೆ ಸುಧಾರಣೆಯ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದು ಗೂಗಲ್‌ನವರೇ ಹೇಳಿರುವುದರಿಂದ, ಆ ಅವಧಿಗೆ ಬೇಕಾದ ದುಡಿಯುವ ಬಂಡವಾಳವನ್ನು ಮೊದಲೇ ಎಣಿಸಿಡಬೇಕು. ಈ ಲೆಕ್ಕ ಹಾಕಲು ಪ್ರತಿ ವಿಚಾರಣೆಯೂ ಎಲ್ಲಿಂದ ಬಂತೆಂದು ಕೇಳಿ ಬರೆದಿಡುವ ಒಂದು ಪುಸ್ತಕ ಸಾಕು.

ತೆರಿಗೆಯ ವಿಚಾರದಲ್ಲಿ, ತಾಣ ವಿನ್ಯಾಸ ಮತ್ತು ಜಾಹೀರಾತು ಸೇವೆಗಳಿಗೆ ಶೇ. 18ರ ಜಿಎಸ್‌ಟಿ ಇದೆ. ನಿಯತ ತೆರಿಗೆದಾರರಿಗೆ ಇದು ಹೂಡುವಳಿ ತೆರಿಗೆ ಜಮೆಯಾಗಿ ಸಿಗುತ್ತದೆ; ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಅದು ಪೂರ್ಣ ಖರ್ಚು. ವಿದೇಶಿ ಸಂಸ್ಥೆಯಿಂದ ನೇರವಾಗಿ ಸೇವೆ ಕೊಂಡಾಗ ನೋಂದಾಯಿತ ವ್ಯವಹಾರಸ್ಥರೇ ಹಿಮ್ಮುಖ ಪದ್ಧತಿಯಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ. ಅನಿವಾಸಿ ಸಂಸ್ಥೆಗಳಿಗೆ ಕೊಡುವ ಆನ್‌ಲೈನ್ ಜಾಹೀರಾತಿನ ಮೇಲೆ 2016ರ ಜೂನ್ 1ರಿಂದ ಇದ್ದ ಶೇ. 6ರ ಸಮೀಕರಣ ಸುಂಕ 2025ರ ಏಪ್ರಿಲ್ 1ರಿಂದ ರದ್ದಾಗಿದೆ. ಸ್ಥಳೀಯ ವಿನ್ಯಾಸಕರಿಗೆ ಹಣ ಕೊಡುವಾಗ ಮೂಲದಲ್ಲಿ ತೆರಿಗೆ ಕಡಿತದ ಮಿತಿಯನ್ನು ಪರಿಶೀಲಿಸಬೇಕು.

ಇಂಡ್ ಎಎಸ್ 38ರ ಅನುಬಂಧದ ಪ್ರಕಾರ, ಮುಖ್ಯವಾಗಿ ತನ್ನದೇ ಸರಕಿನ ಪ್ರಚಾರಕ್ಕೆಂದು ಮಾಡಿಸಿದ ತಾಣದ ವೆಚ್ಚವನ್ನು ಆಸ್ತಿಯಾಗಿ ತೋರಿಸದೆ ಆಯಾ ವರ್ಷದ ಖರ್ಚಾಗಿಯೇ ಬರೆಯಬೇಕು. ತಾಣದ ಮೂಲಕವೇ ಆರ್ಡರ್ ಪಡೆದು ಮಾರಾಟ ನಡೆಯುವಲ್ಲಿ ನಿಲುವು ಬೇರೆಯಾಗಬಹುದು. ಇನ್ನೊಂದು ಕಾನೂನು ಕರ್ತವ್ಯವೂ ಇದೆ. ಕಂಪನಿಗಳ ಸ್ಥಾಪನೆಗೆ ಸಂಬಂಧಿಸಿದ 2014ರ ನಿಯಮಗಳ 26ನೇ ನಿಯಮ, 2016ರ ತಿದ್ದುಪಡಿಯ ಬಳಿಕ, ಜಾಲತಾಣವಿರುವ ಪ್ರತಿ ಕಂಪನಿಯೂ ಮುಖಪುಟದಲ್ಲಿ ತನ್ನ ಹೆಸರು, ನೋಂದಾಯಿತ ಕಚೇರಿ, ಸಿಐಎನ್, ದೂರವಾಣಿ, ಮಿಂಚಂಚೆ ಮತ್ತು ದೂರುಗಳಿಗೆ ಸಂಪರ್ಕಿಸಬೇಕಾದವರ ಹೆಸರನ್ನು ಪ್ರಕಟಿಸಬೇಕೆನ್ನುತ್ತದೆ. ಕಾನೂನಿಗಾಗಿ ಹಾಕುವ ಈ ವಿವರಗಳೇ ಅಪರಿಚಿತ ಖರೀದಿದಾರರ ವಿಶ್ವಾಸಕ್ಕೂ ಆಧಾರವಾಗುತ್ತವೆ.

ಕರಾರಿನಲ್ಲಿ ಇರಬೇಕಾದ ಅಂಶಗಳು

ಸೇವೆ ಒದಗಿಸುವವರೊಂದಿಗೆ ಬಾಯಿಮಾತಿನ ಒಪ್ಪಂದ ಸಾಲದು. ಎರಡು ಪುಟದ ಕರಾರಿನಲ್ಲಿ ಈ ಅಂಶಗಳಿರಲಿ:

1. ಡೊಮೈನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಜಾಹೀರಾತು ಖಾತೆ ಮತ್ತು ಬಿಸಿನೆಸ್ ಪ್ರೊಫೈಲ್ ಇವೆಲ್ಲ ಉದ್ದಿಮೆಯ ಹೆಸರಿನಲ್ಲಿಯೇ, ಉದ್ದಿಮೆಯ ಮಿಂಚಂಚೆಯಲ್ಲಿಯೇ ಇರತಕ್ಕದ್ದು. ಸೇವೆ ಒದಗಿಸುವವರಿಗೆ ಕೆಲಸದ ಮಟ್ಟಿಗಿನ ಪ್ರವೇಶ ಮಾತ್ರ.

2. ಪಠ್ಯ, ಚಿತ್ರ, ವಿನ್ಯಾಸಗಳ ಹಕ್ಕುಸ್ವಾಮ್ಯ ಹಣ ಪಾವತಿಯಾದೊಡನೆ ಉದ್ದಿಮೆಗೆ ಲಿಖಿತವಾಗಿ ವರ್ಗಾವಣೆಯಾಗತಕ್ಕದ್ದು.

3. ಪಾವತಿ ಸ್ಥಾನದ ಭರವಸೆಗಲ್ಲ, ಮುಗಿದ ಕೆಲಸಕ್ಕೆ: ಇಷ್ಟು ಪುಟಗಳ ರಚನೆ, ಇಂತಿಂಥ ದೋಷಗಳ ತಿದ್ದುಪಡಿ, ತಿಂಗಳ ವರದಿ.

4. ಕೊಂಡಿಗಳನ್ನು ಕೊಳ್ಳುವುದು, ಅಡಗಿಸಿದ ಪಠ್ಯ, ಸುಳ್ಳು ವಿಮರ್ಶೆ ಇವುಗಳನ್ನು ಬಳಸುವುದಿಲ್ಲವೆಂಬ ಮುಚ್ಚಳಿಕೆ. ಬಳಸಿದಲ್ಲಿ ಸರಿಪಡಿಸುವ ವೆಚ್ಚ ಅವರದೇ.

5. ಕರಾರು ಮುಗಿದ 7 ದಿನಗಳೊಳಗೆ ತಾಣದ ಪೂರ್ಣ ಪ್ರತಿ ಮತ್ತು ಎಲ್ಲ ಗುಪ್ತಪದಗಳ ಹಸ್ತಾಂತರ.

ಕೃತಕ ಬುದ್ಧಿಮತ್ತೆಯ ಕಾಲದಲ್ಲಿ

ಶೋಧ ಫಲಿತಾಂಶದ ಮೇಲ್ಭಾಗದಲ್ಲಿ ಯಂತ್ರವೇ ಉತ್ತರದ ಸಾರಾಂಶ ಬರೆದುಕೊಡುವ ವ್ಯವಸ್ಥೆ 2024ರ ಆಗಸ್ಟ್‌ನಲ್ಲಿ ಭಾರತಕ್ಕೂ ಬಂದಿದೆ. ಸಾಮಾನ್ಯ ಮಾಹಿತಿಗಾಗಿ ಹುಡುಕುವವರು ಅಲ್ಲಿಯೇ ಉತ್ತರ ಪಡೆದು, ತಾಣದವರೆಗೆ ಬಾರದೆ ಹೋಗಬಹುದು. ಆದರೆ ಎರಕ ಕೊಳ್ಳುವವರಿಗೆ ಸಾರಾಂಶ ಸಾಲದು. ಅವರಿಗೆ ತಯಾರಕರೇ ಬೇಕು. ಈ ಸಾರಾಂಶದಲ್ಲಿ ಸೇರಲು ಪ್ರತ್ಯೇಕ ತಾಂತ್ರಿಕ ಸಂಕೇತಗಳೇನೂ ಬೇಕಿಲ್ಲ, ಶೋಧಕ್ಕೆ ಅನ್ವಯಿಸುವ ಕ್ರಮಗಳೇ ಸಾಕೆಂದು ಗೂಗಲ್ ತಿಳಿಸಿದೆ. ಹೊಸ ಹೆಸರಿನಲ್ಲಿ ಹೊಸ ಸೇವೆ ಮಾರಲು ಬರುವವರಿಗೆ ಈ ಮಾತನ್ನು ನೆನಪಿಸಬಹುದು.

ವೋಚರಿಲ್ಲದ ನಮೂದನ್ನು ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ. ಶೋಧ ಯಂತ್ರಗಳು ಕಳೆದ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಅನೇಕ ರೂಪಗಳನ್ನು ತಳೆದಿದ್ದರೂ ಸಾಗಿಬಂದಿರುವುದು ಅದೇ ದಿಕ್ಕಿನಲ್ಲಿ. ತಾಣದಲ್ಲಿ ಹೇಳಿದ ಮಾತಿಗೆ ಆಧಾರವೇನೆಂದು ಅವು ಮತ್ತೆಮತ್ತೆ ಕೇಳುತ್ತಿವೆ. ಯಾವ ಸರಕು, ಯಾವ ದರ್ಜೆ, ಯಾವ ಊರು, ಯಾರು ಹೊಣೆ ಎಂಬ ನಾಲ್ಕು ಪ್ರಶ್ನೆಗಳಿಗೆ ತಮ್ಮದೇ ಹೆಸರಿನ ತಾಣದಲ್ಲಿ ನೇರ ಉತ್ತರ ಕೊಟ್ಟಿರುವ ಉದ್ದಿಮೆ ನಿಯಮಗಳು ಬದಲಾದಾಗಲೆಲ್ಲ ಬೆಚ್ಚಬೇಕಾಗಿಲ್ಲ. ಸದಸ್ಯರು ಈ ತಿಂಗಳಲ್ಲಿಯೇ ತಮ್ಮ ಡೊಮೈನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಅದರ ಅವಧಿ ಎಂದು ಮುಗಿಯುತ್ತದೆ ಎಂಬ ಎರಡು ವಿವರಗಳನ್ನು ಪರಿಶೀಲಿಸಿಕೊಂಡರೆ ಅದೇ ಒಳ್ಳೆಯ ಆರಂಭವಾದೀತು.